ಕುರ್ಚಿಯ ಹಿಂದೆ ನಿಂತವರು

ನನ್ನನ್ನು ಎತ್ತುವ ಮುಂಚೆ ಅವರು ಒಂದು ಉಸಿರು ಎಳೆದುಕೊಂಡು ಒಳಗೇ ಹಿಡಿದಿಡುತ್ತಿದ್ದರು. ಆ ಉಸಿರು ಹೊರಗೆ ಬರುತ್ತಿದ್ದದ್ದು ಮೇಲಿನ ಮೆಟ್ಟಿಲು ಮುಟ್ಟಿದ ಮೇಲೆಯೇ. ಅಲ್ಲಿಯವರೆಗೆ ಅವರೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಮಾತಿಲ್ಲ. ಯಾರೂ ಕೂತು ಮಾಡಿಕೊಂಡ ಒಪ್ಪಂದವಲ್ಲ ಅದು. ತಾನಾಗಿ ಆದದ್ದು.

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಕಾಲುಗಳು ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದ್ದಿಲ್ಲ. ಶಾಲೆಯದು ಎರಡು ಹಳೆಯ ಕಟ್ಟಡ. ಒಂದು ರಸ್ತೆಯ ಮಟ್ಟದಲ್ಲಿದೆ, ಅದು ಕೆಳಗಿನದು. ಇನ್ನೊಂದು ಹಿಂದಿನ ದಿಬ್ಬದ ಮೇಲಿದೆ, ಅದು ಮೇಲಿನದು. ನಡುವೆ ಅಂಗಳ, ಅಂಗಳದ ಕೊನೆಗೆ ಅಗಲವಾದ ಕಲ್ಲಿನ ಮೆಟ್ಟಿಲು. ದೊಡ್ಡ ತರಗತಿಗಳು, ಗ್ರಂಥಾಲಯ, ಸಭಾಂಗಣ ಎಲ್ಲವೂ ಮೇಲೆ. ಗಾಲಿಕುರ್ಚಿ ಒಳಗೆ ಹೋಗುವಂಥ ಶೌಚಾಲಯ ಇರುವುದು ಕೆಳಗೆ ಮಾತ್ರ. ಕೆಳಗೊಂದು ಗಾಲಿಕುರ್ಚಿ ಇಟ್ಟಿದ್ದರು, ಮೇಲೊಂದು ಗಾಲಿಕುರ್ಚಿ ಇಟ್ಟಿದ್ದರು. ನಡುವಿನ ದಾರಿಗೆ ಕೈಗಳಿದ್ದ ಒಂದು ಮರದ ಕುರ್ಚಿ. ಅದನ್ನು ಎತ್ತಲು ಇಬ್ಬರು ಮನುಷ್ಯರು.

ಒಬ್ಬರು ಜವಾನರು. ಮಕ್ಕಳು ಅವರನ್ನು ಪೈಲ್ವಾನ್ ಎನ್ನುತ್ತಿದ್ದರು. ತೆಳ್ಳಗಿನ ಮನುಷ್ಯ. ನನ್ನನ್ನು ಎತ್ತುತ್ತಾರೆ ಎಂಬುದೊಂದೇ ಆ ಹೆಸರಿಗೆ ಕಾರಣ. ನಾನು ಅಣ್ಣ ಎಂದು ಕರೆಯುತ್ತಿದ್ದೆ. ಇನ್ನೊಬ್ಬರು ಮಾಲಿ. ಅವರು ಮೇಲ್ಗಡೆ ನಿಂತು ಕುರ್ಚಿಯ ಮುಂಗಾಲುಗಳನ್ನು ಹಿಡಿಯುತ್ತಿದ್ದರು. ಹತ್ತುವಾಗ ಭಾರವೆಲ್ಲ ಕೆಳಗಿರುವವನ ಮೇಲೆ ಬೀಳುತ್ತದೆ. ಕೆಳಗಿರುತ್ತಿದ್ದವರು ಅಣ್ಣ. ಅವರ ಮುಖ ನನ್ನ ಕಿವಿಯ ಹತ್ತಿರ ಇರುತ್ತಿತ್ತು. ಅವರ ಬೆವರು ನನ್ನ ಭುಜಕ್ಕೆ ಇಳಿಯುತ್ತಿತ್ತು. ನಾನು ಎದುರಿನ ಗೋಡೆ ನೋಡುತ್ತಿದ್ದೆ. ಮೆಟ್ಟಿಲು ಎಷ್ಟಿವೆ ಎಂದು ನಾನು ಯಾವತ್ತೂ ಎಣಿಸಲಿಲ್ಲ. ಲೆಕ್ಕ ಕಲಿಸುವವಳು ನಾನು. ಎಣಿಸುವ ಕೆಲಸವನ್ನೂ ಅವರಿಗೇ ಬಿಟ್ಟಿದ್ದೆ.

ಬೆಳಗಿನ ತಿಂಡಿ ಬಿಟ್ಟಿದ್ದೆ. ಅಕ್ಕ ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದೆ. ಹಗುರವಾಗಬೇಕಿತ್ತು. ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಕೆಳಗಿಳಿಸಿ ಎನ್ನಬೇಕು, ಇಳಿಸಿದರೆ ಮತ್ತೆ ಹತ್ತಿಸಿ ಎನ್ನಬೇಕು. ಸಂಜೆಯ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತಿತ್ತು. ಇದನ್ನೆಲ್ಲ ನಾನು ಅಣ್ಣನಿಗಾಗಿ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ಕುರ್ಚಿಯಲ್ಲಿ ಕೂರುವುದು ಸಲೀಸಾಗುತ್ತಿತ್ತು.

ಮೇಲೆ ಇಳಿಸಿದ ಮೇಲೆ ಅಣ್ಣ ಉಸಿರು ಬಿಟ್ಟು ಹೇಳುತ್ತಿದ್ದರು: "ಹೂವಿನ ಹಾಗಿದೀರಿ ಮೇಡಂ. ಎತ್ತಿದ್ದೇ ಗೊತ್ತಾಗಲ್ಲ."

ನಾನು ನಗುತ್ತಿದ್ದೆ. ಅವರು ಗೋಡೆಯ ಕಡೆ ತಿರುಗಿ ಸೊಂಟಕ್ಕೆ ಸುತ್ತಿದ ಬಟ್ಟೆಯನ್ನು ಬಿಗಿ ಮಾಡಿಕೊಳ್ಳುತ್ತಿದ್ದರು. ಅದೂ ಕಾಣುತ್ತಿತ್ತು. ಕಂಡದ್ದಕ್ಕೆ ಹೆಸರಿಡದೆ ಬಿಡುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಆ ವರ್ಷ ಶಾಲೆಗೆ ಒಂದು ದೊಡ್ಡ ಕೊಡುಗೆ ಬಂತು. ಕೊಟ್ಟವರು ಹಿಂದೆ ಇಲ್ಲೇ ಓದಿದ್ದ ಒಬ್ಬ ವಯಸ್ಸಾದ ಹೆಂಗಸು. ಅವರದೊಂದು ಷರತ್ತು. ಎರಡು ಹಳೆಯ ಕಟ್ಟಡಗಳನ್ನು ಜೋಡಿಸುವ ಒಂದು ಹೊಸ ಪ್ರವೇಶದ್ವಾರ ಆಗಬೇಕು, ಅದರಲ್ಲಿ ಎಲ್ಲರೂ ಬರುವಂತಿರಬೇಕು, ಹಾಗೆ ಬರಲಾಗದವರು ಯಾರಿದ್ದಾರೋ ಅವರ ಒಪ್ಪಿಗೆ ಬೇಕು. ಶಾಲೆಯ ಕಾರ್ಯದರ್ಶಿ ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಇಡೀ ಶಾಲೆಯಲ್ಲಿ ಬರಲಾಗದವಳು ನಾನೊಬ್ಬಳೇ. ನನ್ನಂಥ ಮಗು ಒಂದೂ ಇರಲಿಲ್ಲ. ಮೆಟ್ಟಿಲು ನೋಡಿಯೇ ಅಂಥ ಮಕ್ಕಳ ಅಪ್ಪ ಅಮ್ಮ ಗೇಟಿನಿಂದ ಹಿಂದಿರುಗುತ್ತಿದ್ದರು.

ಆರ್ಕಿಟೆಕ್ಟ್ ಬಂದಳು. ಸಣ್ಣ ವಯಸ್ಸಿನವಳು, ಒಳ್ಳೆಯವಳು. ನನ್ನ ಎತ್ತರಕ್ಕೆ ಬರಬೇಕೆಂದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ನಿಮಗೆ ಏನು ಬೇಕು ಹೇಳಿ ಮೇಡಂ."

ಅವಳ ಹಿಂದೆ ಕಾರ್ಯದರ್ಶಿ ಕೈಕಟ್ಟಿಕೊಂಡು ನಿಂತಿದ್ದರು. ಬೇರೆ ಶಾಲೆಗಳು ಬಾಗಿಲಿನಿಂದಲೇ ಕಳಿಸಿದಾಗ ನನಗೆ ಕೆಲಸ ಕೊಟ್ಟವರು ಅವರು. ಅದನ್ನು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹೇಳುತ್ತಿದ್ದರು. ಆಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟುತ್ತಿದ್ದೆ.

"ಏನಾದ್ರೂ ನಡೆಯುತ್ತೆ. ನನಗೇನೂ ತೊಂದರೆ ಇಲ್ಲ," ಎಂದೆ.

"ನೋಡಿದ್ರಾ," ಕಾರ್ಯದರ್ಶಿ ಹೇಳಿದರು. "ನಮ್ಮ ಮೇಡಂ ಅಂದ್ರೆ ಹೀಗೆ. ಒಂದು ದಿನ ಒಂದು ದೂರು ಇಲ್ಲ. ಹೇಗೂ ನಮ್ಮ ಪೈಲ್ವಾನ್ ಇದಾನೆ. ನೀವು ಚೆಂದಕ್ಕೆ ಒಂದು ಮಾಡಿ, ಸಾಕು. ಮೆಟ್ಟಿಲು ಮಾತ್ರ ಮುಟ್ಟಬೇಡಿ."

ಅಣ್ಣ ಅಲ್ಲೇ ಇದ್ದರು. ಆರ್ಕಿಟೆಕ್ಟಳ ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದು ಬಗ್ಗಿ ನಿಂತಿದ್ದರು.

ಆ ಸಂಜೆ ಅಕ್ಕನಿಗೆ ಹೇಳಿದೆ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ನಮ್ಮಿಬ್ಬರದೇ ಮನೆ. ಅವಳು ಮಿಷನ್ ನಿಲ್ಲಿಸಲಿಲ್ಲ.

"ಏನು ಬೇಕು ಅಂತ ಕೇಳಿದ್ರಾ?"

"ಕೇಳಿದ್ರು."

"ನೀನೇನಂದೆ?"

"ಏನಾದ್ರೂ ನಡೆಯುತ್ತೆ ಅಂದೆ."

ಮಿಷನ್ ನಿಂತಿತು. "ರವಿಕೆ ಹೊಲಿಯೋಕೆ ಕೊಡೋರು ಕೂಡ ನನ್ನ ಹತ್ರ ಹಾಗೆ ಹೇಳಲ್ಲ ಕಣೇ. ಕಂಕುಳಲ್ಲಿ ಬಿಗಿ ಆಗುತ್ತೆ ಅಂತ ಮುಖಕ್ಕೇ ಎಸೆದು ಹೋಗ್ತಾರೆ. ಕಾಲಿಲ್ಲ ಅಂದ್ರೆ ಸರಿ. ಇರೋ ನಾಲಿಗೆಗೇನಾಗಿದೆ ನಿಂಗೆ?"

ಅವಳು ದಾರ ಕಚ್ಚಿ ತುಂಡು ಮಾಡಿದಳು.

ನಕ್ಷೆ ತಯಾರಾಯಿತು. ಕೆಳಗಿನ ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಹರಡಿದರು. ಎಲ್ಲರೂ ಬಗ್ಗಿ ನೋಡಿದರು. ನಾನು ಬಗ್ಗಬೇಕಾಗಿರಲಿಲ್ಲ. ಎರಡು ಕಟ್ಟಡಗಳ ನಡುವೆ ಗಾಜಿನ ಗೋಡೆಯ ಹಜಾರ. ಅದರ ಮುಂದೆ ಅದೇ ಕಲ್ಲಿನ ಮೆಟ್ಟಿಲು, ಎರಡೂ ಕಡೆ ಹೂವಿನ ಕುಂಡ. ಬಲಕ್ಕೆ, ಗೋಡೆಗೆ ಒತ್ತಿ, ಒಂದು ಇಳಿಜಾರು. ಗಿಡ್ಡದು, ಆದ್ದರಿಂದ ಕಡಿದಾದದ್ದು. ಅದರ ತುದಿಗೆ ಹೊರಕ್ಕೆ ತೆರೆಯುವ ಬಾಗಿಲು. ಬಾಗಿಲ ಮುಂದೆ ನಿಲ್ಲಲು ಮಟ್ಟಸ ಜಾಗವಿಲ್ಲ. ಇಳಿಜಾರು ನೇರವಾಗಿ ಹೋಗಿ ಹೊಸ್ತಿಲಿಗೆ ತಗಲುತ್ತದೆ.

ಒಂದೇ ನೋಟಕ್ಕೆ ಗೊತ್ತಾಯಿತು. ಎರಡೂ ಕೈ ಗಾಲಿಯ ಮೇಲಿದ್ದರೆ ಬಾಗಿಲು ಎಳೆಯುವವರಾರು? ಒಂದು ಕೈ ಬಾಗಿಲಿಗೆ ಹೋದರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಆಮೇಲೆ ಕಂಡಿತು, ಆರ್ಕಿಟೆಕ್ಟ್ ಅದಕ್ಕೂ ಉತ್ತರ ಬರೆದಿದ್ದಳು. ಇಳಿಜಾರಿನ ಮೇಲೆ ಪುಟ್ಟದಾಗಿ ಒಂದು ಗಾಲಿಕುರ್ಚಿ. ಅದರಲ್ಲಿ ಒಬ್ಬ ಹೆಂಗಸು. ಹಿಂದೆ, ಕುರ್ಚಿಯ ಹಿಡಿಯ ಮೇಲೆ ಎರಡೂ ಕೈಯಿಟ್ಟು ನಿಂತ ಒಬ್ಬ ಗಂಡಸು. ಅವಳು ನಮ್ಮ ಶಾಲೆಯಲ್ಲಿ ಕಂಡದ್ದನ್ನೇ ಬರೆದಿದ್ದಳು. ಅವಳು ನೋಡಿದಾಗೆಲ್ಲ ನನ್ನ ಹಿಂದೆ ಒಬ್ಬರು ಇದ್ದರು. ಹಾಗಾಗಿ ನಾನೆಂದರೆ ಇಬ್ಬರು ಎಂದು ತಿಳಿದಿದ್ದಳು.

ನಾನು ಬಾಯಿ ತೆರೆಯಲಿಲ್ಲ.

ಅಣ್ಣ ಟ್ರೇಯಲ್ಲಿ ಟೀ ತಂದರು. ಲೋಟ ಇಡಲು ಜಾಗ ಹುಡುಕುತ್ತ ನಕ್ಷೆಯ ಮೇಲೆ ಕಣ್ಣು ಹಾಯಿಸಿದರು. ಅಲ್ಲೇ ನಿಂತರು.

"ಇವನ್ಯಾರು ಮೇಡಂ?"

"ಅದಾ? ಸುಮ್ಮನೆ ಅಳತೆ ಗೊತ್ತಾಗಲಿ ಅಂತ ಹಾಕಿದ್ದು," ಎಂದಳು ಆರ್ಕಿಟೆಕ್ಟ್.

"ನಾನೇ ಅಲ್ವಾ. ತಲೆಕೂದಲು ಮಾತ್ರ ಧಾರಾಳವಾಗಿ ಕೊಟ್ಟಿದೀರಿ."

ಎಲ್ಲರೂ ನಕ್ಕರು. ಅಣ್ಣನ ತಲೆ ಬೋಳು. ಕಾರ್ಯದರ್ಶಿ ಅವರ ಬೆನ್ನು ತಟ್ಟಿದರು.

"ನೋಡಯ್ಯ, ನಿನ್ನನ್ನೂ ಪ್ಲಾನಿಗೆ ಸೇರಿಸಿದಾರೆ. ಇನ್ನು ನಿನ್ನನ್ನ ಯಾರೂ ಕದಲಿಸೋ ಹಾಗಿಲ್ಲ."

ಮತ್ತೆ ನಗು. ಅಣ್ಣ ನಗಲಿಲ್ಲ. ಲೋಟಗಳನ್ನು ಒಂದೊಂದಾಗಿ ಇಳಿಸಿದರು.

"ಕಟ್ಟಿ ಮುಗಿದ ಮೇಲೂ ನಾನು ಇಲ್ಲೇ ನಿಂತಿರಬೇಕಾ ಸಾರ್?"

ಅಣ್ಣ ನನ್ನ ಕಡೆ ನೋಡಿದರು. ನಾನು ನನ್ನ ಟೀ ಲೋಟ ನೋಡಿದೆ. ನಾನು ಶಾಲೆಯಲ್ಲಿ ಟೀ ಕುಡಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ದಿನವೂ ಒಂದು ಲೋಟ ಇಡುತ್ತಿದ್ದರು.

ಅದಾದ ಕೆಲವೇ ದಿನಕ್ಕೆ ಆಯಿತು. ದೊಡ್ಡ ಮಕ್ಕಳಿಗೆ ಟೆಸ್ಟ್ ಇತ್ತು. ಗಂಟೆ ಹೊಡೆದಿತ್ತು. ಮಾಲಿ ಮುಂದೆ ಹಿಡಿದರು, ಅಣ್ಣ ಹಿಂದೆ. ಅರ್ಧ ಮೆಟ್ಟಿಲು ಹತ್ತುವ ಹೊತ್ತಿಗೆ ಅಣ್ಣನ ಉಸಿರು ಹೊರಗೆ ಬಂದುಬಿಟ್ಟಿತು. ಮೆಟ್ಟಿಲ ಮೇಲೆ ಮಾತಿಲ್ಲ ಎಂಬುದು ಮುರಿಯಿತು.

"ಇಳಿಸು ಮಾರಾಯ," ಎಂದರು ಮಾಲಿಗೆ.

ನಡುವೆ ಕುರ್ಚಿಯ ಕಾಲೂರುವಷ್ಟು ಅಗಲದ ಒಂದು ಕಟ್ಟೆಯಿತ್ತು. ಅಲ್ಲಿ ನನ್ನನ್ನು ಇಳಿಸಿದರು. ಅಣ್ಣ ನನ್ನ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟರು. ಒಂದು ಕೈ ಸೊಂಟದ ಹಿಂದೆ. ಮುಖ ಬೂದಿ ಬಣ್ಣವಾಗಿತ್ತು. ಮಕ್ಕಳು ನನ್ನ ಎರಡೂ ಕಡೆಯಿಂದ ಓಡಿ ಹತ್ತಿದರು. ಕೆಲವರು ನಿಂತು ನೋಡಿದರು. ನಾನು ಮೆಟ್ಟಿಲ ನಡುವೆ ಒಂದು ಮರದ ಕುರ್ಚಿಯಲ್ಲಿ, ಮೇಲೂ ಇಲ್ಲ ಕೆಳಗೂ ಇಲ್ಲ, ಮಡಿಲಲ್ಲಿ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೂತಿದ್ದೆ.

ಮೇಲಿನಿಂದ ಒಬ್ಬಳು ಹುಡುಗಿ ಬಗ್ಗಿ ಕೇಳಿದಳು. "ಮೇಡಂ, ಟೆಸ್ಟ್ ಇದೆಯಾ ಇಲ್ವಾ?"

"ಇದೆ. ಬಂದೆ," ಎಂದೆ.

ಬಂದೆ ಎಂದೆ. ನನ್ನ ಕಾಲಲ್ಲಿ ಬರುವವಳ ಹಾಗೆ.

"ಅಣ್ಣ, ಇನ್ನು ಸ್ವಲ್ಪವೇ ಇದೆ. ಏಳಿ."

"ಆಗ್ತಿಲ್ಲ ಮೇಡಂ."

ಅಷ್ಟು ವರ್ಷದಲ್ಲಿ ಅವರು ಆ ಮಾತು ಆಡಿದ್ದು ಅದೊಂದೇ ಸಲ. ನನಗೆ ಕೇಳಿಸಿತು. ಚೆನ್ನಾಗಿ ಕೇಳಿಸಿತು.

"ಮಕ್ಕಳು ನೋಡ್ತಿದಾರೆ ಅಣ್ಣ," ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಈಗ ಒಳ್ಳೆಯದಿತ್ತು. ಎದ್ದರು. ಉಸಿರು ಎಳೆದುಕೊಂಡರು. ಎತ್ತಿದರು. ನನ್ನ ಕಿವಿಯ ಹತ್ತಿರ ಒಂದು ಸಣ್ಣ ಸದ್ದು ಬಂತು. ಬಟ್ಟೆ ಹರಿದಂಥದ್ದು. ಆದರೂ ಬಿಡಲಿಲ್ಲ. ಮೇಲೆ ತಂದು, ಕುರ್ಚಿಯ ಕಾಲುಗಳು ನೆಲಕ್ಕೆ ಸರಿಯಾಗಿ ಊರಿದ ಮೇಲೆಯೇ ಮಂಡಿಯ ಮೇಲೆ ಬಿದ್ದರು.

ಹೂವಿನ ಮಾತು ಅವತ್ತು ಬರಲಿಲ್ಲ.

ನಾನು ಟೆಸ್ಟ್ ನಡೆಸಿದೆ. ಪ್ರಶ್ನೆಪತ್ರಿಕೆ ಹಂಚಿಸಿದೆ. ಮಕ್ಕಳು ಬರೆಯುತ್ತಿದ್ದರು. ತರಗತಿಯ ಕಿಟಕಿಯಿಂದ ಮೆಟ್ಟಿಲು ಕಾಣುತ್ತದೆ. ಮಾಲಿಯೂ ಕಾವಲುಗಾರನೂ ಅಣ್ಣನನ್ನು ಕೆಳಗಿಳಿಸುತ್ತಿದ್ದರು. ಬೇರೆ ಏನೂ ಕೈಗೆ ಸಿಕ್ಕಿರಲಿಲ್ಲ. ಅದೇ ಮರದ ಕುರ್ಚಿಯಲ್ಲಿ ಕೂರಿಸಿದ್ದರು. ಅವರು ಎರಡೂ ಕೈಯಿಂದ ಕುರ್ಚಿಯ ಕೈ ಹಿಡಿದುಕೊಂಡು ಎದುರಿನ ಗೋಡೆ ನೋಡುತ್ತಿದ್ದರು.

ಭಾನುವಾರ ಅಕ್ಕ ನನ್ನನ್ನು ಅವರ ಮನೆಗೆ ತಳ್ಳಿಕೊಂಡು ಹೋದಳು. ಕಿರಿದಾದ ಓಣಿ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಅದರ ಮೇಲೆ ಅವರ ಒಂದು ಕೋಣೆ. ಹೊರಗೋಡೆಗೆ ಅಂಟಿಸಿದ ಕಬ್ಬಿಣದ ಏಣಿಮೆಟ್ಟಿಲು. ಪ್ರತಿದಿನ ನನ್ನನ್ನು ಹತ್ತಿಸಿ ಇಳಿಸಿ, ಸಂಜೆ ಬಂದು ಅವರು ಇದನ್ನು ಹತ್ತುತ್ತಿದ್ದರು. ನನಗೆ ಅದು ತಿಳಿದಿರಲಿಲ್ಲ. ಕೇಳಿರಲಿಲ್ಲ.

ಅವರ ಹೆಂಡತಿ ಇಳಿದು ಬಂದಳು. ಕೈ ಒದ್ದೆಯಿತ್ತು, ಒರೆಸಿಕೊಂಡಳು.

"ನೀವೇನಾ ಮೇಡಂ?"

ಹೌದೆಂದೆ. ಹಣ್ಣಿನ ಚೀಲ ಮುಂದೆ ಹಿಡಿದೆ.

"ಕೊಡಿ. ಬೇಡ ಅನ್ನೋ ಸೊಕ್ಕು ನಮಗಿಲ್ಲ." ತೆಗೆದುಕೊಂಡಳು. "ಮೇಲೆ ಬರೋಕೆ ನಿಮಗಾಗಲ್ಲ. ಕೆಳಗೆ ಬರೋಕೆ ಅವರಿಗಾಗಲ್ಲ. ಮಾತಾಡೋದಿದ್ರೆ ನನ್ನ ಹತ್ರ ಆಡಿ."

"ಡಾಕ್ಟರ್ ಏನಂದ್ರು?"

"ಬೆನ್ನುಮೂಳೆ ಜರುಗಿದೆಯಂತೆ. ಇನ್ನು ಭಾರ ಎತ್ತಬಾರದಂತೆ, ಮೆಟ್ಟಿಲು ಹತ್ತಬಾರದಂತೆ. ಮನೆ ಎಲ್ಲಿದೆ ಅಂತ ಡಾಕ್ಟರ್ ಕೇಳಲಿಲ್ಲ." ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅವರು ದಿನಾ ಹೇಳೋರು, ಮೇಡಂ ಹೂವಿನ ಹಾಗಿದಾರೆ ಅಂತ. ಮನೆಗೆ ಬಂದ್ರೆ ಬೆನ್ನಿಗೆ ಎಣ್ಣೆ ಹಾಕಿ ಉಜ್ಜೋಳು ನಾನು. ಆ ಹೂವು ಎಷ್ಟು ಭಾರ ಅಂತ ನನ್ನ ಕೈಗೆ ಗೊತ್ತು."

ಅಕ್ಕ ನನ್ನ ಹಿಂದೆ ನಿಂತು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದದ್ದು ನನಗೆ ತಿಳಿಯಿತು.

"ಸೆಕ್ರೆಟರಿಯವರು ಬಂದಿದ್ರು," ಅಣ್ಣನ ಹೆಂಡತಿ ಮುಂದುವರಿಸಿದಳು. "ಕಾಲು ಜಾರಿ ಬಿದ್ದ, ಅವನೇ ಹುಷಾರಾಗಿರಬೇಕಿತ್ತು, ಶಾಲೆ ಏನು ಮಾಡೋಕಾಗುತ್ತೆ ಅಂದ್ರು. ಹಾಗೇನಾ ಮೇಡಂ ಆಗಿದ್ದು? ನೀವು ಅಲ್ಲೇ ಇದ್ರಲ್ಲ."

ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ದನಿ ಬಂತು.

"ಸುಮ್ಮನಿರೇ. ಮೇಡಂನ ಯಾಕೆ ಕೇಳ್ತೀಯ."

ಅವರ ಮುಖ ಕಾಣಲಿಲ್ಲ. ಮಲಗಿದ್ದಲ್ಲಿಂದಲೇ ಕೂಗಿದ್ದರು. ಅಲ್ಲಿಂದಲೂ ನನ್ನನ್ನು ಎತ್ತುತ್ತಿದ್ದರು.

"ಅಣ್ಣ," ಎಂದೆ. ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹಾಕುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ.

"ಮೇಡಂ, ಆ ಬಾಗಿಲಿನ ಮೀಟಿಂಗ್ ನಾಳೆ ಅಲ್ವಾ?"

"ಹೌದಣ್ಣ."

"ಆ ಚಿತ್ರದಿಂದ ನನ್ನನ್ನ ತೆಗೆಸಿಬಿಡಿ."

ಅಷ್ಟೇ. ಅವರ ಹೆಂಡತಿ ಚೀಲ ಹಿಡಿದುಕೊಂಡು ಏಣಿಮೆಟ್ಟಿಲು ಹತ್ತಿದಳು. ಕಬ್ಬಿಣ ಒಂದೊಂದು ಹೆಜ್ಜೆಗೂ ಸದ್ದು ಮಾಡಿತು. ಆ ದಿನ ಎಣಿಸಿದೆ.

ಮರುದಿನ ಮೀಟಿಂಗ್ ಇದ್ದದ್ದು ಮೇಲಿನ ಸಭಾಂಗಣದಲ್ಲಿ. ಎಲ್ಲರೂ ಬರುವ ಬಾಗಿಲಿನ ಬಗ್ಗೆ ಮಾತಾಡಲು ನಾನೊಬ್ಬಳು ಬರಲಾಗದ ಜಾಗ ಆರಿಸಿದ್ದರು. ಯಾರಿಗೂ ಅದು ಹೊಳೆದಿರಲಿಲ್ಲ. ಹೊಳೆಯದಂತೆ ಇಷ್ಟು ವರ್ಷ ನೋಡಿಕೊಂಡವಳು ನಾನೇ. ಮೆಟ್ಟಿಲ ಬುಡದಲ್ಲಿ ಮರದ ಕುರ್ಚಿ ಕಾಯುತ್ತಿತ್ತು. ಪಕ್ಕದಲ್ಲಿ ಹೊಸಬರಿಬ್ಬರು, ಆ ದಿನಕ್ಕೆಂದು ಕರೆಸಿದ ಹಮಾಲಿಗಳು.

"ಕೂತ್ಕೊಳ್ಳಿ ಮೇಡಂ," ಒಬ್ಬ ಕುರ್ಚಿ ತಟ್ಟಿದ.

"ಬೇಡ."

"ಹೆದರಬೇಡಿ. ಕಬ್ಬಿಣದ ಬೀರು ಎತ್ತೋರು ನಾವು."

"ಬೀರು ಬೇಡ ಅನ್ನಲ್ಲ. ನಾನು ಅಂತಿದೀನಿ."

ಅವನು ಮಾಲಿಯ ಮುಖ ನೋಡಿದ. ಮಾಲಿ ಎರಡೂ ಕೈ ಹಿಂದೆ ಕಟ್ಟಿಕೊಂಡು ದೂರ ಸರಿದು ನಿಂತರು. "ನಾನೂ ಮುಟ್ಟಲ್ಲ," ಎಂದರು, ನೆಲ ನೋಡುತ್ತ.

ಕಾರ್ಯದರ್ಶಿ ಇಳಿದು ಬಂದರು.

"ಏನಿದು ಮೇಡಂ? ಎಲ್ಲ ಕಾಯ್ತಿದಾರೆ."

"ನಾನು ಎತ್ತಿಸಿಕೊಳ್ಳಲ್ಲ ಸರ್."

"ಇವತ್ತಾ?"

"ಇನ್ಮೇಲೆ."

"ಇಷ್ಟು ವರ್ಷ ತೊಂದರೆ ಇರಲಿಲ್ಲವಲ್ಲ."

"ಇತ್ತು. ಸುಳ್ಳು ಹೇಳ್ತಿದ್ದೆ."

ಅವರು ಸುತ್ತ ನೋಡಿದರು. ಅಂಗಳದಲ್ಲಿ ಮಕ್ಕಳಿದ್ದರು. ದನಿ ತಗ್ಗಿಸಿದರು. "ನಿಮಗೋಸ್ಕರ ಕಟ್ಟಿಸ್ತಿರೋ ಬಾಗಿಲು ಇದು. ನೀವೇ ಬರದಿದ್ರೆ ನಗೆಪಾಟಲಾಗುತ್ತೆ."

"ಬರ್ತೀನಿ. ಇಲ್ಲಿ ಮಾಡಿ ಮೀಟಿಂಗ್."

"ದೊಡ್ಡವರು ಮೇಲೆ ಕೂತಿದಾರೆ."

"ಅವರಿಗೆ ಕಾಲಿದೆ. ಇಳೀಲಿ."

ಅವರು ಇನ್ನೂ ಹತ್ತಿರ ಬಗ್ಗಿದರು. "ಯಾರೂ ಕೆಲಸ ಕೊಡದಾಗ ಕೊಟ್ಟವನು ನಾನು. ಮರೀಬೇಡಿ."

"ಮರೆತಿಲ್ಲ ಸರ್. ಮರೆಯದೇ ಇದ್ದದ್ದಕ್ಕೇ ಒಬ್ಬರ ಬೆನ್ನು ಹೋಯ್ತು."

ದೊಡ್ಡವರು ಇಳಿದು ಬಂದರು. ಕೊಡುಗೆ ಕೊಟ್ಟ ಆ ವಯಸ್ಸಾದ ಹೆಂಗಸು ಗೋಡೆಗೆ ಕೈಯಾನಿಸಿ ಒಂದೊಂದೇ ಮೆಟ್ಟಿಲು ಇಳಿದರು. ಹಿಂದೆ ಆರ್ಕಿಟೆಕ್ಟ್, ಕೈಯಲ್ಲಿ ಸುತ್ತಿದ ನಕ್ಷೆ. ಮೇಜಿರಲಿಲ್ಲ. ನಕ್ಷೆಯನ್ನು ಆ ಮರದ ಕುರ್ಚಿಯ ಮೇಲೆಯೇ ಹರಡಿದರು.

"ಇದು ನಿಮಗೆ ಒಪ್ಪಿಗೆಯಾ ಅಮ್ಮ?" ಆ ಹೆಂಗಸು ಕೇಳಿದರು.

"ಇಲ್ಲ." ನಕ್ಷೆಯಲ್ಲಿ ಹಿಂದೆ ನಿಂತವನ ಮೇಲೆ ಬೆರಳಿಟ್ಟೆ. "ಇವರನ್ನ ತೆಗೀರಿ."

"ಅದು ಬರೀ ಚಿತ್ರ ಮೇಡಂ," ಆರ್ಕಿಟೆಕ್ಟ್ ಎಂದಳು.

"ತೆಗೆದು ನೋಡಿ. ಆಮೇಲೆ ಬಾಗಿಲು ಯಾರು ತೆರೀತಾರೆ?"

ಅವಳು ಹೆಬ್ಬೆರಳಿಂದ ಆ ಗಂಡಸನ್ನು ಮುಚ್ಚಿದಳು. ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕಿವಿಗಳು ಕೆಂಪಾದವು.

"ಇದು ನಡೆಯಲ್ಲ," ಎಂದಳು, ಯಾರ ಕಡೆಯೂ ನೋಡದೆ. "ರ‍್ಯಾಂಪ್ ಇನ್ನೂ ಉದ್ದ ಬೇಕು. ಬಾಗಿಲ ಮುಂದೆ ಮಟ್ಟ ಜಾಗ ಬೇಕು. ಮೆಟ್ಟಿಲು ಅರ್ಧ ಹೋಗುತ್ತೆ."

"ಮೆಟ್ಟಿಲು ಮುಟ್ಟೋ ಹಾಗಿಲ್ಲ," ಕಾರ್ಯದರ್ಶಿ ಹೇಳಿದರು. "ಶಾಲೆಯ ಮುಖ ಅದು."

"ಇಲ್ಲಿ ಒಬ್ಬ ಜವಾನ ಬಿದ್ದ ಅಂತ ಕೇಳಿದೆ," ಆ ಹೆಂಗಸು ಎಂದರು.

"ಕಾಲು ಜಾರಿ. ಅವನ ಅಜಾಗರೂಕತೆ."

"ಜಾರಲಿಲ್ಲ," ಎಂದೆ. "ಆಗ್ತಿಲ್ಲ ಅಂತ ಕೂತಿದ್ರು. ಏಳಿ ಅಂದವಳು ನಾನು. ಮಕ್ಕಳು ನೋಡ್ತಿದಾರೆ ಅಂದೆ. ಅವರು ಎದ್ರು."

"ಮೇಡಂ," ಕಾರ್ಯದರ್ಶಿಯವರ ದನಿ ಮೆತ್ತಗಾಯಿತು, "ನಿಮ್ಮ ಮೇಲೆ ಯಾರೂ ತಪ್ಪು ಹೊರಿಸ್ತಿಲ್ಲ."

"ಗೊತ್ತು. ಅದಕ್ಕೇ ಹೇಳ್ತಿದೀನಿ. ಅವರ ಬೆನ್ನು ಮುರಿದವಳು ನಾನು ಸರ್. ಮುರಿಯೋಕೆ ಅದನ್ನ ನನ್ನ ಕೈಗೆ ಕೊಟ್ಟವರು ನೀವು. ಒಂದು ಇಳಿಜಾರು ಕಟ್ಟಿಸೋ ಬದಲು ಒಬ್ಬ ಮನುಷ್ಯನನ್ನ ಕೊಟ್ರಿ. ನಾನು ತಗೊಂಡೆ."

ಆ ದಿನ ಏನೂ ತೀರ್ಮಾನವಾಗಲಿಲ್ಲ. ಆ ಹೆಂಗಸು ಕಾರು ಹತ್ತಿದರು. ಆರ್ಕಿಟೆಕ್ಟ್ ನಕ್ಷೆ ಸುತ್ತಿಕೊಂಡು ಹೋದಳು. ಕಾರ್ಯದರ್ಶಿ ನನ್ನ ಜೊತೆ ಮಾತು ಬಿಟ್ಟರು.

ನಾನು ಮತ್ತೆ ಮೇಲೆ ಹೋಗಲಿಲ್ಲ. ಮುರಿದ ಬೆಂಚು, ಹಳೆಯ ಭೂಪಟ ತುಂಬಿದ್ದ ಕೆಳಗಿನ ಕೋಣೆಯಲ್ಲಿ ಕೂತೆ. ಮೇಲೆ ದೊಡ್ಡ ತರಗತಿಗೆ ಗಣಿತವಿಲ್ಲ. ಬೇರೆ ಮೇಷ್ಟ್ರನ್ನು ಹುಡುಕಿದರು, ಸಿಗಲಿಲ್ಲ. ಎತ್ತಲು ಬಂದವರನ್ನು ಪ್ರತಿದಿನ ವಾಪಸ್ ಕಳಿಸಿದೆ. ಕೆಲವು ಸಹೋದ್ಯೋಗಿಗಳು ಮುಖ ತಿರುಗಿಸಿದರು. "ಒಬ್ಬರ ಹಟಕ್ಕೆ ಮಕ್ಕಳ ವರ್ಷ ಹಾಳು," ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಆ ಮಾತು ಚುಚ್ಚಿತು. ಹಳೆಯ ನಾನಾಗಿದ್ದರೆ ಅಷ್ಟಕ್ಕೇ ಕುರ್ಚಿಗೆ ಕೂತುಬಿಡುತ್ತಿದ್ದೆ. ಮೂಲೆಯಲ್ಲಿದ್ದ ಭೂಪಟಗಳನ್ನು ಮಾಲಿ ಒಂದೊಂದಾಗಿ ಹೊರಗೆ ಸಾಗಿಸಿದರು, ಯಾರೂ ಹೇಳದೆಯೇ. ಆಮೇಲೆ ಮಕ್ಕಳೇ ಇಳಿದು ಬಂದರು. ಜಾಗ ಸಾಲದೆ ಅಂಗಳದಲ್ಲಿ ಕೂತರು. ಬಿಸಿಲಲ್ಲಿ ಮಕ್ಕಳು ಕೂತದ್ದನ್ನು ಅಪ್ಪ ಅಮ್ಮಂದಿರು ಗೇಟಿನಿಂದ ನೋಡಿದರು. ಅವರು ಕಾರ್ಯದರ್ಶಿಯ ಕೋಣೆಗೆ ಹೋದರು. ನಾನು ಹೇಳಿ ಆಗದ್ದು ಅವರು ಹೋಗಿ ಆಯಿತು. ಆರ್ಕಿಟೆಕ್ಟಳಿಗೆ ಫೋನ್ ಹೋಯಿತು.

ಆ ದಿನಗಳಲ್ಲಿ ನಾನು ಬೆಳಗಿನ ತಿಂಡಿ ತಿನ್ನತೊಡಗಿದೆ. ನೀರು ಕುಡಿದೆ. ಸ್ಟಾಫ್ ರೂಮಿನಲ್ಲಿ ಟೀ ಕುಡಿದೆ. ತಂದಿಟ್ಟವರು ಅಣ್ಣನಲ್ಲ. ಅಕ್ಕ ನನ್ನ ರವಿಕೆಗಳ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದಳು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅವಳಂಥವಳು.

ಮೆಟ್ಟಿಲು ಒಡೆದರು, ಅರ್ಧದಷ್ಟು. ಆ ಜಾಗದಲ್ಲಿ ಇಳಿಜಾರು ಉದ್ದವಾಗಿ ಹೋಗಿ, ಒಂದು ಕಡೆ ತಿರುಗಿ, ಬಾಗಿಲ ಮುಂದೆ ಮಟ್ಟವಾಗಿ ನಿಲ್ಲುತ್ತದೆ. ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ಒಳಗೆ ಹಜಾರ, ಹಜಾರದ ಆ ಕಡೆ ಮೇಲಿನ ಕಟ್ಟಡ, ಈ ಕಡೆ ಕೆಳಗಿನದು. ಶಾಲೆ ಅಣ್ಣನ ಚಿಕಿತ್ಸೆ ನೋಡಿಕೊಂಡಿತು. ಕೆಲಸಕ್ಕೆ ಮಾತ್ರ ಮತ್ತೆ ಕರೆಯಲಿಲ್ಲ. ಬಗ್ಗಲಾಗದ ಜವಾನ ಯಾರಿಗೂ ಬೇಕಿರಲಿಲ್ಲ. ನಾನು ಕೇಳಿದೆ, ಜಗಳವಾಡಿದೆ. ಬಾಗಿಲು ಆಯಿತಲ್ಲ, ಇನ್ನೇನು ಎಂದರು.

ಬಾಗಿಲು ತೆರೆದ ದಿನ ಅಣ್ಣನನ್ನು ಶಾಲೆ ಕರೆದಿರಲಿಲ್ಲ. ನಾನು ಕರೆದಿದ್ದೆ. ಓಣಿಯ ಆ ಮನೆ ಬಿಟ್ಟು ನೆಲಮಟ್ಟದ ಇನ್ನೊಂದಕ್ಕೆ ಹೋಗಿದ್ದರು. ಹೆಂಡತಿ ಅವರನ್ನು ಗೇಟಿನವರೆಗೆ ತಂದು ಬಿಟ್ಟಳು. ಒಳಗೆ ಬರಲಿಲ್ಲ. ಅಣ್ಣನ ಕೈಯಲ್ಲಿ ಕೋಲಿತ್ತು.

ಭಾಷಣ ಮುಗಿದಿತ್ತು. ಕಾರ್ಯದರ್ಶಿ ನನ್ನ ಹೆಸರು ಹೇಳಿದರು, ಚಪ್ಪಾಳೆಯಾಯಿತು. ನಾನು ತಟ್ಟಲಿಲ್ಲ. ಕೈ ಗಾಲಿಯ ಮೇಲಿತ್ತು. ಒಬ್ಬಿಬ್ಬರು ತಳ್ಳಲು ಬಂದರು. ಬೇಡ ಎಂದೆ. ಇಳಿಜಾರು ಹತ್ತತೊಡಗಿದೆ.

ಅರ್ಧಕ್ಕೆ ಬರುವಷ್ಟರಲ್ಲಿ ತೋಳು ಉರಿಯಿತು. ಅಂಗೈ ಜಾರಿತು. ಬೆವರು ಕಣ್ಣಿಗಿಳಿಯಿತು, ಒರೆಸಲು ಕೈ ಬಿಡುವ ಹಾಗಿಲ್ಲ. ನನ್ನ ದೇಹ ಇಷ್ಟಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದೊಂದು ಸಲ ತಳ್ಳಿದಾಗಲೂ ಅದು ಹಿಂದಕ್ಕೆ ಎಳೆಯಿತು. ನಾನು ಉಸಿರು ಒಳಗೇ ಹಿಡಿದಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ.

ಹಿಂದೆ ಕೋಲಿನ ಸದ್ದು ಕೇಳಿಸಿತು. ಉಳಿದ ಅರ್ಧ ಮೆಟ್ಟಿಲನ್ನು ಅವರು ಹತ್ತುವ ಹಾಗಿರಲಿಲ್ಲ. ಅವರಿಗೂ ಇದೇ ದಾರಿ. ನನ್ನ ಹಿಂದೆಯೇ, ಹೆಜ್ಜೆ ಹೆಜ್ಜೆಗೂ ನಿಂತು ಬರುತ್ತಿದ್ದರು. ಅವರ ಕೈ ನನ್ನ ಕುರ್ಚಿಯ ಮೇಲಿರಲಿಲ್ಲ.

"ಹೂವಿನ ಹಾಗೆ ಅಂತಿದ್ರಿ ಅಣ್ಣ," ಎಂದೆ, ಉಸಿರು ಬಿಟ್ಟು.

ಕೋಲು ನಿಂತಿತು.

"ಸುಳ್ಳು ಹೇಳ್ತಿದ್ದೆ ಮೇಡಂ."

ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ. ತಿರುಗಿದರೆ ಕೈ ಸಡಿಲವಾಗುತ್ತದೆ. ಕೈ ಬಿಟ್ಟರೆ ಕುರ್ಚಿ ಹಿಂದಕ್ಕೆ ಉರುಳುವುದು ಅವರ ಮೇಲೆಯೇ. ಗಾಲಿಯನ್ನು ಗಟ್ಟಿಯಾಗಿ ಹಿಡಿದೆ. ತಳ್ಳಿದೆ.